ಅಜ್ಜನ ಊರಿನ ಪೌರತ್ವ: ಕಾನ್ಸುಲೇಟ್, ಇಟಲಿ, ಕೋರ್ಟ್, ಯಾವ ದಾರಿ?

ಅರ್ಜೆಂಟೀನಾ, ಬ್ರೆಜಿಲ್, ಅಮೆರಿಕದಲ್ಲಿ ಇಟಲಿ ಮೂಲದವರು ಕೋಟಿಗಟ್ಟಲೆ ಇದ್ದಾರೆ. ಮೊದಲು ಮುತ್ತಜ್ಜನ ಹೆಸರಲ್ಲೂ ಇಟಲಿಯ ಪೌರತ್ವ ಕೇಳಬಹುದಿತ್ತು. 2025ರ ಮಾರ್ಚ್ ನಂತರ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. ಈಗ ಸಾಮಾನ್ಯವಾಗಿ ಅಪ್ಪ, ಅಮ್ಮ, ಅಜ್ಜ, ಅಜ್ಜಿಯಲ್ಲಿ ಒಬ್ಬರಿಗೆ ಇಟಲಿಯ ಪೌರತ್ವ ಮಾತ್ರ ಇರಬೇಕು, ತೀರಿಕೊಂಡಿದ್ದರೆ ಸಾಯುವಾಗ ಅದೊಂದೇ ಇದ್ದಿರಬೇಕು. ಇದನ್ನು ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ.

ಕಾನ್ಸುಲೇಟ್ ಅಂದರೆ ನೀವಿರುವ ದೇಶದಲ್ಲೇ ಇರುವ ಇಟಲಿ ಸರ್ಕಾರದ ಕಚೇರಿ. ಈ ದಾರಿಯಲ್ಲಿ ಕೆಲಸ ಬಿಡಬೇಕಿಲ್ಲ, ಮನೆ ಬಿಡಬೇಕಿಲ್ಲ. ವಯಸ್ಕರಿಗೆ ತಲಾ 600 ಯೂರೋ ಶುಲ್ಕ. ಕಾಟ ಇರುವುದು ಅಪಾಯಿಂಟ್‌ಮೆಂಟ್‌ನಲ್ಲಿ. ದೊಡ್ಡ ಊರುಗಳಲ್ಲಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಇಟಲಿಗೇ ಹೋದರೆ ಆ ಸಾಲು ತಪ್ಪುತ್ತದೆ. ಆದರೆ ನಿಜವಾಗಿ ಅಲ್ಲಿ ವಾಸಿಸಬೇಕು, ಸ್ಥಳೀಯ ಪುರಸಭೆಯಲ್ಲಿ ವಿಳಾಸ ದಾಖಲಿಸಬೇಕು. ಪೊಲೀಸರು ಮನೆಗೆ ಬಂದು ನೋಡುತ್ತಾರೆ. ತಿಂಗಳುಗಟ್ಟಲೆ ಬಾಡಿಗೆ ಕಟ್ಟುವ ಶಕ್ತಿ ಇದ್ದವರಿಗೆ ಮಾತ್ರ ಇದು.

ಇಟಲಿಯ ಕೋರ್ಟ್ ದಾರಿ ಮುಖ್ಯವಾಗಿ ಅಜ್ಜಿಯ ಕಡೆಯವರಿಗೆ. 1948ರ ಜನವರಿ 1ಕ್ಕಿಂತ ಮುಂಚೆ ಹುಟ್ಟಿದ ಮಕ್ಕಳಿಗೆ ಸಾಮಾನ್ಯವಾಗಿ ತಾಯಿಯಿಂದ ಪೌರತ್ವ ಬರುತ್ತಿರಲಿಲ್ಲ. ಎಂಥ ಅನ್ಯಾಯ, ಅಲ್ವಾ? ಕಾನ್ಸುಲೇಟ್ ಇಂದಿಗೂ ಅಂಥ ಅರ್ಜಿ ಒಪ್ಪುವುದಿಲ್ಲ, ಕೋರ್ಟ್ ಒಪ್ಪುತ್ತದೆ. ನೀವೇ ಹೋಗಬೇಕಿಲ್ಲ, ವಕೀಲರು ಸಾಕು. ಅವರ ಫೀಸೇ ಜಾಸ್ತಿ.

ನನ್ನನ್ನು ಕೇಳಿದರೆ, ಅಜ್ಜನ ಕಡೆಯವರು ಕಾನ್ಸುಲೇಟ್‌ನಲ್ಲಿ ಸಾಲು ಹಿಡಿಯಲಿ. ಕಾಯುವ ಹೊತ್ತಲ್ಲಿ ಜನನ, ಮದುವೆ ಪತ್ರಗಳಲ್ಲಿ ಹೆಸರಿನ ಕಾಗುಣಿತ ಸರಿ ಮಾಡಿಸಲಿ. ಒಂದರಲ್ಲಿ ಜುಸೆಪ್ಪೆ, ಇನ್ನೊಂದರಲ್ಲಿ ಜೋಸೆಫ್ ಅಂತಿದ್ದರೂ ಕಡತ ವಾಪಸ್ ಬರಬಹುದು.