ಗೇರ್‌ಬಾಕ್ಸ್ ಇಳಿಸುವ ಮುಂಚೆ: ಕ್ಲಚ್ ನೋಡುವ ಮೂರು ದಾರಿ

ಗಂಗಾವತಿ, ಕಾರಟಗಿ ಕಡೆ ಹಳೇ ಪಿಕಪ್‌ನಲ್ಲಿ ನೆಲ್ಲಿನ (ಭತ್ತದ) ಚೀಲ ಸಾಗಿಸುವವರಿಗೆ ರಿವರ್ಸ್ ಹಾಕುವಾಗಿನ ಗರ್ರ್ ಸದ್ದು ಹೊಸದಲ್ಲ. ಗ್ಯಾರೇಜಿಗೆ ಹೋದರೆ ಮೊದಲ ಮಾತೇ "ಕ್ಲಚ್ ಪ್ಲೇಟ್ ಹೋಗೇದ, ಗೇರ್‌ಬಾಕ್ಸ್ ಇಳಿಸಬೇಕು" ಅಂತ. ಹೈಡ್ರಾಲಿಕ್ ಕ್ಲಚ್ (ಬ್ರೇಕ್ ಆಯಿಲ್ ಒತ್ತಡದಿಂದ ನಡೆಯುವುದು) ಇರುವ ಗಾಡಿಯಲ್ಲಿ ಆ ಮಾತಿಗೆ ತಕ್ಷಣ ಹೂಂ ಅನ್ನಬೇಡಿ. ಎಂಜಿನ್ ಆಫ್ ಇದ್ದಾಗ ಗೇರು ಸಲೀಸಾಗಿ ಬಿದ್ದು, ಆನ್ ಮಾಡಿದ ಮೇಲೆ ಹಟ ಹಿಡಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಎಂಜಿನ್ ಕೂಗಿದರೂ ಲೋಡು ಎಳೆಯದಿದ್ದರೆ ಅದು ಪ್ಲೇಟ್ ಜಾರುವ ಕಾಯಿಲೆ, ಅದರ ದಾರಿಯೇ ಬೇರೆ.

ಮೊದಲ ದಾರಿ ಪೆಡಲಿನದು. ಕ್ಲಚ್ ಬಿಡದಿದ್ದಾಗ ಎಲ್ಲರೂ ಮಾಡುವುದು ಪೆಡಲ್ ಪಂಪ್. ನಾಲ್ಕೈದು ಸಲ ತುಳಿದ ಮೇಲೆ ಗೇರು ಬಿದ್ದರೆ ತಪ್ಪು ಹೈಡ್ರಾಲಿಕ್ ಕಡೆ ಇದೆ ಎನ್ನುವಷ್ಟು ಗೊತ್ತಾಗುತ್ತದೆ. ಆದರೆ ಲೈನಿನಲ್ಲಿ ಏರ್ ಸೇರಿದೆಯೋ, ಪೆಡಲ್ ಕಡೆಯಿಂದ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದಿದೆಯೋ ಹೇಳಲಾಗದು. ಪೆಡಲ್ ಒತ್ತಿ ಹಾಗೇ ಹಿಡಿದು ನೋಡುವುದು ಇದಕ್ಕಿಂತ ವಾಸಿ. ಕಾಲಿನ ಕೆಳಗೆ ಅದು ನಿಧಾನಕ್ಕೆ ಇಳಿಯುತ್ತಿದ್ದು, ಮಾಸ್ಟರ್‌ಗೆ ಆಯಿಲ್ ಕೊಡುವ ಡಬ್ಬಿಯಲ್ಲಿ ಮಟ್ಟ ಮಾತ್ರ ಕಡಿಮೆಯಾಗದಿದ್ದರೆ ನನ್ನ ಅನುಮಾನ ಮಾಸ್ಟರ್ ಮೇಲೆಯೇ. ಅಲ್ಲಿ ರಬ್ಬರ್ ದಾಟಿದ ಆಯಿಲ್ ಒಳಗಿಂದೊಳಗೇ ಡಬ್ಬಿಗೆ ವಾಪಸ್ ಹೋಗುತ್ತದೆ. ಗೇರ್‌ಬಾಕ್ಸ್ ಕಡೆ ಆ ಒತ್ತಡದಿಂದ ರಾಡು ತಳ್ಳಿ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಸೋರಿದರೆ ಆಯಿಲ್ ಹೊರಗೇ ಬರಬೇಕು. ಅದರ ರಬ್ಬರ್ ಬೂಟು ಎತ್ತಿದರೆ ಒದ್ದೆ ಕಾಣುತ್ತದೆ. ಪೆಡಲ್ ಹಿಂದೆ, ಕ್ಯಾಬಿನ್ ಒಳಗಿನ ತಗಡನ್ನೂ ಬೆರಳಿನಿಂದ ಸವರಿ ನೋಡಿ, ಆಯಿಲ್ ಅಂಟಿದರೆ ಮಾಸ್ಟರ್ ಹೊರಗೂ ಸೋರುತ್ತಿದೆ.

ಎರಡನೆಯದು, ಸ್ಲೇವ್‌ಗೆ ಹೋಗುವ ರಬ್ಬರ್ ಹೋಸನ್ನು ಕ್ಲ್ಯಾಂಪ್‌ನಿಂದ ಬಿಗಿದು ಪೆಡಲ್ ತುಳಿಯುವುದು. ಪೆಡಲ್ ಕಲ್ಲಿನಂತೆ ನಿಂತರೆ ಮಾಸ್ಟರ್ ಗಟ್ಟಿಯಿದೆ, ತೊಂದರೆ ಕ್ಲ್ಯಾಂಪ್‌ನಿಂದಾಚೆ. ಉತ್ತರ ಬೇಗ ಸಿಗುತ್ತದೆ, ನಿಜ. ಆದರೂ ನಾನಿದನ್ನು ಹಳೇ ಗಾಡಿಗೆ ಹೇಳುವುದಿಲ್ಲ. ನಮ್ಮ ಕಡೆಯ ಬಿಸಿಲಿಗೆ ಒಣಗಿದ ಹೋಸು ಹಿಚುಕಿದ ಜಾಗದಲ್ಲೇ ಬಿರುಕು ಬಿಡಬಹುದು. ಮಾಡಲೇಬೇಕೆಂದರೆ ದುಂಡು ಬಾಯಿಯ ಕ್ಲ್ಯಾಂಪ್ ಬಳಸಿ, ಇಕ್ಕಳ ಬೇಡ.

ನನ್ನ ಮಟ್ಟಿಗೆ ಮೂರನೆಯದೇ ನಂಬಿಕೆಯದು: ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ಸ್ಲೇವ್‌ನ ರಾಡು ಎಷ್ಟು ಮುಂದೆ ಬರುತ್ತದೆಂದು ಸ್ಕೇಲ್ ಹಿಡಿದು ಅಳೆಯಬೇಕು. ಎಂಜಿನ್ ಆಫ್ ಇರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಿ. ಎಷ್ಟು ಮಿಲಿಮೀಟರ್ ಬರಬೇಕು ಎನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಹಾಗಾಗಿ ಕ್ಲಚ್ ಚೆನ್ನಾಗಿರುವಾಗಲೇ ಅಳೆದು ಬರೆದಿಟ್ಟವರಿಗೆ ಇದರ ಬೆಲೆ ಗೊತ್ತು. ರಾಡು ಪೂರ್ತಿ ಬಂದೂ ಗೇರು ಬೀಳದಿದ್ದರೆ ಒಳಗಿನ ಕ್ಲಚ್ ಭಾಗಗಳಾದ ಫೋರ್ಕ್, ರಿಲೀಸ್ ಬೇರಿಂಗ್, ಪ್ರೆಷರ್ ಪ್ಲೇಟ್ ಕಡೆ ತಿರುಗಬೇಕು. ಆಗ ಗೇರ್‌ಬಾಕ್ಸ್ ಇಳಿಸುವ ಖರ್ಚಿಗೆ ಅರ್ಥವಿದೆ. ರಾಡು ಅರ್ಧಕ್ಕೇ ನಿಂತರೆ ಇಳಿಸುವ ಮಾತೇ ಬೇಡ, ಮೊದಲು ಏರ್, ಹೋಸು, ಎರಡೂ ಸಿಲಿಂಡರ್ ನೋಡಬೇಕು. ಸ್ಲೇವ್ ಗೇರ್‌ಬಾಕ್ಸ್ ಹೊರಗೆ ಇರುವ ಗಾಡಿಗಳಿಗೆ ಮಾತ್ರ ಈ ಅಳತೆ ಸಾಧ್ಯ. ಬೇರಿಂಗ್ ಜೊತೆಗೇ ಒಳಗೆ ಕೂತ ಸ್ಲೇವ್ ಇದ್ದರೆ ಪೆಡಲ್ ಪರೀಕ್ಷೆಗಳೇ ಗತಿ.

ಏರ್ ತೆಗೆಯುವುದರಲ್ಲೂ ಎರಡು ಬಗೆ ಮಾಡಿ ನೋಡಿದ್ದೇನೆ. ಪೆಡಲ್ ತುಳಿಸಿ ನಿಪ್ಪಲ್ (ಸ್ಲೇವ್ ಮೇಲಿನ ಏರ್ ಬಿಡುವ ತಿರುಪು) ಬಿಡಿಸುವ ರೂಢಿಯ ಕ್ರಮದಲ್ಲಿ ಲೈನಿನ ಎತ್ತರದ ತಿರುವಿನಲ್ಲಿ ಗುಳ್ಳೆ ಉಳಿದುಬಿಡಬಹುದು. ಸಿರಿಂಜಿಗೆ ಪೈಪು ಸಿಕ್ಕಿಸಿ ಸ್ಲೇವ್‌ನ ನಿಪ್ಪಲ್‌ನಿಂದ ಮೇಲಕ್ಕೆ ನಿಧಾನವಾಗಿ ಆಯಿಲ್ ತಳ್ಳಿದರೆ ಗುಳ್ಳೆ ತಾನೇ ಡಬ್ಬಿಗೆ ಏರುತ್ತದೆ, ಒಬ್ಬರೇ ಮಾಡಬಹುದು. ಅದಕ್ಕೂ ಮೊದಲು ಹಳೇ ಕಪ್ಪು ಆಯಿಲ್ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಕೆಳಗಿನ ಕೊಳೆ ಮಾಸ್ಟರ್‌ಗೆ ಹೋಗುತ್ತದೆ. ಡಬ್ಬಿ ತುಂಬಿ ಚೆಲ್ಲದಂತೆ ನೋಡಿಕೊಳ್ಳಿ, ಬ್ರೇಕ್ ಆಯಿಲ್ ಬಿದ್ದರೆ ಪೇಂಟ್ ಏಳುತ್ತದೆ. ಮುಚ್ಚಳದ ಮೇಲೆ ಡಾಟ್ 3 (ಬ್ರೇಕ್ ಆಯಿಲಿನ ದರ್ಜೆ) ಅಂತಿದ್ದರೆ ಅದನ್ನೇ ಹಾಕಿ. ಎಂಜಿನ್ ಆಯಿಲ್ ಒಂದು ಹನಿಯೂ ಸೇರಕೂಡದು, ಒಳಗಿನ ರಬ್ಬರ್ ಉಬ್ಬಿ ಎರಡೂ ಸಿಲಿಂಡರ್ ಕೆಡುತ್ತವೆ.