12-0-12 ಟ್ರಾನ್ಸ್‌ಫಾರ್ಮರ್ ಹಾಕಿ ಸ್ಟೀರಿಯೋ ಪೆಟ್ಟಿಗೆ ಮಾಡುವವರು ಒಮ್ಮೆ ಓದಿ

ಆಂಪ್ಲಿಫೈಯರ್ ಮನೇಲೇ ಕಟ್ಟಿ, ಒಂದೇ ಪೆಟ್ಟಿಗೆಯಲ್ಲಿ ಲೆಫ್ಟ್ ರೈಟ್ ಎರಡೂ ಸ್ಪೀಕರ್ ಕೂರಿಸಬೇಕು ಅಂತ ಸಾಮಾನು ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಮಾಡಿದ ಪೆಟ್ಟಿಗೆ ಹೋದ ಮಳೆಗಾಲದಲ್ಲಿ ನಡುರಾತ್ರಿ ಹೊಗೆ ಬಿಟ್ಟಿತು. ಅದು ಇದ್ದದ್ದು ಅಪ್ಪ ಅಮ್ಮ ಮಲಗುವ ಕೋಣೆಯ ಪಕ್ಕದ ಹಾಲ್‌ನಲ್ಲಿ. ಹಳೇ ಹೆಂಚಿನ ಮನೆ, ತಲೆ ಮೇಲೆಲ್ಲ ಬರೀ ಮರ.

ನಾನಿರುವುದು ಹಾಸನದಲ್ಲಿ. ಊರು ಸಕಲೇಶಪುರ ತಾಲೂಕು, ಹಾನುಬಾಳು ಕಡೆ. ಅಪ್ಪನಿಗೆ ಬೆಳಗ್ಗೆ ಹಾಸನ ಆಕಾಶವಾಣಿ ಬೇಕು, ರಾತ್ರಿ ಊಟ ಆದ ಮೇಲೆ ಮೊಬೈಲಿನಲ್ಲಿ ಹಳೇ ಹಾಡು ಬೇಕು. ಕಿವಿ ಸ್ವಲ್ಪ ಮಂದ. ಅವರಿಗೊಂದು ಒಳ್ಳೆ ಪೆಟ್ಟಿಗೆ ಮಾಡಿಕೊಡೋಣ ಅಂತ ಶುರು ಮಾಡಿದ್ದು. ಮೂರು ಅಡಿ ಅಗಲದ ಪೆಟ್ಟಿಗೆ, ಎರಡು ತುದಿಗೆ ಐದಿಂಚಿನ 4 ಓಮ್ ವೂಫರ್ (ಬಾಸ್ ಸದ್ದಿಗೆ), ಒಂದೊಂದು ಟ್ವೀಟರ್ (ಕೀಚು ಸದ್ದಿಗೆ), ಒಳಗೇ ಸದ್ದು ದೊಡ್ಡದು ಮಾಡುವ ಟಿಡಿಎ 2030 ಐಸಿ ಎರಡು ಇರುವ ಬೋರ್ಡ್, 12-0-12 (ನಡುವಿನ ತಂತಿಯಿಂದ ಎರಡೂ ಕಡೆಗೆ 12 ವೋಲ್ಟ್ ಕೊಡುವ) ಮೂರು ಆಂಪಿಯರ್ ಟ್ರಾನ್ಸ್‌ಫಾರ್ಮರ್. ಎಲ್ಲರೂ ಹಾಕುವುದು ಇದನ್ನೇ, ಅಲ್ವಾ. ಅಂಗಡಿಯವರೂ ಇದನ್ನೇ ಕೊಟ್ಟರು.

ಮೊದಲು ಪೆಟ್ಟಿಗೆ ವಿಷಯ ಹೇಳಿಬಿಡುತ್ತೇನೆ. ನಡುವೆ ಅಡ್ಡಹಲಗೆ ಹಾಕದೆ ಇಡೀ ಪೆಟ್ಟಿಗೆಯನ್ನು ಒಂದೇ ಗೂಡು ಮಾಡಿದ್ದೆ. ಬಾಸ್ ಗುಂಯ್ ಅಂತ ಕಲಸಿಹೋಗುತ್ತಿತ್ತು. ಯಾಕೆ ಅಂತ ನೋಡೋಕೆ ಎಲ್ಲ ಆಫ್ ಮಾಡಿ ಎಡಗಡೆ ಕೋನ್ (ಸ್ಪೀಕರ್ ಮುಂದೆ ಅಲುಗಾಡುವ ಭಾಗ) ಮೇಲೆ ನಾಲ್ಕು ಬೆರಳಿಟ್ಟು ಮೆಲ್ಲಗೆ ಒತ್ತಿದೆ, ಬಲಗಡೆ ಕೋನ್ ತಾನಾಗೇ ಮುಂದೆ ಬಂತು. ಒಳಗಿನ ಗಾಳಿ ಒಂದೇ ಆದಾಗ ಒಂದು ಸ್ಪೀಕರ್ ಇನ್ನೊಂದನ್ನು ತಳ್ಳುತ್ತಲೇ ಇರುತ್ತೆ. ನಡುವೆ ಪ್ಲೈವುಡ್ ಹಲಗೆ ಹೊಡೆದು ಅಂಚಿಗೆಲ್ಲ ಫೆವಿಕಾಲ್ ಬಿಟ್ಟ ಮೇಲೆ ಸರಿ ಹೋಯಿತು. ಇದು ದೊಡ್ಡ ತಪ್ಪಲ್ಲ, ತಿದ್ದಿಕೊಳ್ಳಬಹುದು. ಮುಂದಿನದು ಹಾಗಲ್ಲ.

ಹಾಸನದಲ್ಲಿ ಹಗಲು ಹೊತ್ತು ಮೀಟರ್ ಇಟ್ಟು ನೋಡಿದ್ದೆ. ಐಸಿಗೆ ಹೋಗುವ ಡಿಸಿ ಸಪ್ಲೈ ಪ್ಲಸ್ 16.5, ಮೈನಸ್ 16.5 ವೋಲ್ಟ್. ಟಿಡಿಎ 2030 ತಡೆಯೋದು ಪ್ಲಸ್ ಮೈನಸ್ 18ರವರೆಗೆ. ಒಂದೂವರೆ ವೋಲ್ಟ್ ಕೈಯಲ್ಲಿದೆ, ಸಾಕು ಅಂದುಕೊಂಡೆ. ಒಂದು ವಾರ ನಮ್ಮನೇಲಿ ಹಾಡು ಹಾಕಿ, ಆಮೇಲೆ ಬಸ್ಸಿನಲ್ಲಿ ಊರಿಗೆ ತಗೊಂಡು ಹೋದೆ.

ಎರಡನೇ ರಾತ್ರಿ ಅಪ್ಪ ಹಾಡು ನಿಲ್ಲಿಸಿ ಮಲಗಿದ್ದರು, ಸ್ವಿಚ್ ಆಫ್ ಮಾಡಿರಲಿಲ್ಲ. ಹನ್ನೊಂದೂವರೆ ಇರಬೇಕು. ಅಮ್ಮ ಬಂದು ಎಬ್ಬಿಸಿದರು, "ಏನೋ ಸುಟ್ಟ ವಾಸ್ನೆ ಬರ್ತಿದೆ ಕಣೋ, ಬೇಗ ಏಳು." ಹೋಗಿ ಟಾರ್ಚ್ ಬಿಟ್ಟರೆ ಎಡಗಡೆ ವೂಫರ್ ಕೋನ್ ಪೂರ್ತಿ ಹೊರಗೆ ಉಬ್ಬಿ ಹಾಗೇ ನಿಂತಿದೆ, ಸದ್ದಿಲ್ಲ, ಅದರ ಸುತ್ತಲಿಂದ ಹೊಗೆ ಬರುತ್ತಿದೆ. ಪ್ಲಗ್ ಕಿತ್ತು ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಅಂಗಳದಲ್ಲಿಟ್ಟೆ. ಅಂಟು, ವಾರ್ನಿಷ್ ಸುಟ್ಟ ಆ ವಾಸನೆ ಮೂರು ದಿನ ಹೋಗಲಿಲ್ಲ.

ಬೆಳಗ್ಗೆ ಹಿಂದಿನ ಹಲಗೆ ಬಿಚ್ಚಿದೆ. ಎಡಗಡೆ ಐಸಿ ಹೊಟ್ಟೆ ಸೀಳಿತ್ತು. ವೂಫರ್ ಕೋನ್ ಅಲುಗಾಡಿಸುವ ಕಾಯಿಲ್ ಕಪ್ಪಗೆ ಕರಕಲು. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ಸೌಂಡ್ ಮೆತ್ತಗಾಗಲಿ ಅಂತ ಹಳೇ ದಿಂಬಿನ ಹತ್ತಿ ತುಂಬಿದ್ದೆ. ಟ್ರಾನ್ಸ್‌ಫಾರ್ಮರ್ ಪಕ್ಕದ ಹತ್ತಿ ಒಂದು ಅಂಗೈ ಅಗಲ ಕಂದು ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ಪುಡಿಪುಡಿ. ಅಮ್ಮ ಎದ್ದಿಲ್ಲದೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತೆ.

ಟ್ರಾನ್ಸ್‌ಫಾರ್ಮರ್ ಚೆನ್ನಾಗೇ ಉಳಿದಿತ್ತು. ಅವತ್ತು ರಾತ್ರಿ ಅದೇ ಹೊತ್ತಿಗೆ ಬೋರ್ಡ್ ತೆಗೆದು, ಎಸಿಯನ್ನು ಡಿಸಿ ಮಾಡುವ ಹೊಸ ಡಯೋಡ್ ಕೆಪಾಸಿಟರ್ ಹಾಕಿ ಅಳೆದೆ. ಮನೆಗೆ ಬರುವ ಕರೆಂಟು 255 ವೋಲ್ಟ್. ಡಿಸಿ ಪ್ಲಸ್ ಮೈನಸ್ 19.6. ಹಗಲು ಎಲ್ಲರ ಮೋಟಾರು ಓಡುವಾಗ ವೋಲ್ಟೇಜ್ ಬೀಳುತ್ತೆ, ರಾತ್ರಿ ಎಲ್ಲರೂ ಆಫ್ ಮಾಡಿದ ಮೇಲೆ ಏರುತ್ತೆ, ನಮ್ಮ ಕಡೆಯವರಿಗೆ ಇದು ಹೊಸದಲ್ಲ. 12 ಅಂತ ಬರೆದ ಟ್ರಾನ್ಸ್‌ಫಾರ್ಮರ್ 12 ಕೊಡುವುದು 230ಕ್ಕೆ, ಅದೂ ಪೂರ್ತಿ ಲೋಡ್ ಇದ್ದಾಗ. ಹಾಡು ನಿಂತಾಗ ಲೋಡ್ ಇಲ್ಲ, ಇನ್ನೂ ಏರುತ್ತೆ. ಅದನ್ನು 1.41ರಿಂದ ಗುಣಿಸಿ, ಡಯೋಡ್‌ಗೆ 0.7 ಕಳೆದರೆ ಕೆಪಾಸಿಟರ್ ಮೇಲೆ ನಿಲ್ಲುವ ವೋಲ್ಟೇಜ್ ಸಿಗುತ್ತೆ. ಈ ಲೆಕ್ಕ ನಾನು ಹಗಲಿಗೆ ಮಾಡಿದ್ದೆ, ರಾತ್ರಿಗೆ ಮಾಡಿರಲಿಲ್ಲ.

ಲೆಕ್ಕ 2030ಕ್ಕೆ ಹಾಕಿದ್ದರೂ ನಾನು ದುಡ್ಡು ಕೊಟ್ಟಿದ್ದು ಅದಕ್ಕಿಂತ ಗಟ್ಟಿಯಾದ 2030ಎ ಐಸಿಗೆ. ಅದು ಪ್ಲಸ್ ಮೈನಸ್ 22ರವರೆಗೆ ತಡೆಯುತ್ತೆ, ಹಾಗಾಗಿ ಸುಡಬಾರದಿತ್ತು. ಅನುಮಾನ ಬಂದು ಸುಡದೆ ಉಳಿದ ಐಸಿ ಮೇಲೆ ಬಟ್ಟೆಯಲ್ಲಿ ಥಿನ್ನರ್ ಹಚ್ಚಿ ಉಜ್ಜಿದೆ. ಅಕ್ಷರ ಪೂರ್ತಿ ಅಳಿಸಿಹೋಯಿತು, ಕೆಳಗೆ ಸ್ಯಾಂಡ್‌ಪೇಪರ್ ಹೊಡೆದ ಗೀರು ಕಾಣಿಸಿತು. ಯಾವುದೋ ಐಸಿ ಉಜ್ಜಿ ಮೇಲೆ ಹೊಸ ನಂಬರ್ ಹೊಡೆದು ಮಾರಿದ್ದಾರೆ. ಅಂಗಡಿಗೆ ತೋರಿಸಿದರೆ "ನಮಗೆ ಹೀಗೇ ಬರೋದು" ಅಂದರು. ನಮ್ಮನೆ ಸುಟ್ಟಿದ್ದರೂ ಇದೇ ಮಾತು ಹೇಳುತ್ತಿದ್ದರೇನೋ. ಬೋರ್ಡ್ ಡಬ್ಬದ ಮೇಲೆ 200 ವ್ಯಾಟ್ ಅಂತ ಬೇರೆ ಬರೆದಿತ್ತು. ಟ್ರಾನ್ಸ್‌ಫಾರ್ಮರೇ 24 ವೋಲ್ಟ್ ಮೂರು ಆಂಪಿಯರ್, ಒಟ್ಟು 72 ವ್ಯಾಟ್. ಅದರಿಂದ 200 ಎಲ್ಲಿಂದ ಬರಬೇಕು?

ಐಸಿ ಸತ್ತರೆ ಸದ್ದು ನಿಲ್ಲುತ್ತೆ ಅಷ್ಟೇ ಅಂತ ತುಂಬಾ ಜನ ತಿಳಿದಿದ್ದಾರೆ. ನಾನೂ ತಿಳಿದಿದ್ದೆ. ಈ ಥರದ ಐಸಿ ಒಳಗೆ ಶಾರ್ಟ್ ಆದರೆ ಸಪ್ಲೈ ವೋಲ್ಟೇಜ್ ನೇರವಾಗಿ ಸ್ಪೀಕರ್‌ಗೆ ಹೋಗುತ್ತೆ. 4 ಓಮ್ ಕಾಯಿಲ್‌ಗೆ ಹದಿನಾರು ವೋಲ್ಟ್ ಸಿಕ್ಕರೂ ನಾಲ್ಕು ಆಂಪಿಯರ್, ಅರವತ್ತು ವ್ಯಾಟ್‌ಗೂ ಜಾಸ್ತಿ, ಬಿಡದೆ ಬರೀ ಶಾಖ. ಇಪ್ಪತ್ತು ವ್ಯಾಟ್ ಸ್ಪೀಕರ್ ಎಷ್ಟು ಹೊತ್ತು ತಡೆದೀತು? ನನ್ನ ಟ್ವೀಟರ್ ಮಾತ್ರ ಉಳಿಯಿತು, ಯಾಕೆಂದರೆ ಅದಕ್ಕೆ ಸೀರೀಸ್‌ನಲ್ಲಿ ಕೆಪಾಸಿಟರ್ ಇತ್ತು, ಕೆಪಾಸಿಟರ್ ಡಿಸಿ ಬಿಡಲ್ಲ. ವೂಫರ್‌ಗೆ ಅಂಥ ಕಾವಲು ಇರಲಿಲ್ಲ. ಸ್ಪೀಕರ್ ಪ್ರೊಟೆಕ್ಷನ್ ಬೋರ್ಡ್ ಅಂತ ರಿಲೇ ಇರುವ ಪುಟ್ಟ ಬೋರ್ಡ್ ಸಿಗುತ್ತೆ. ಡಿಸಿ ಬಂದ ತಕ್ಷಣ ಸ್ಪೀಕರ್ ಕಟ್ ಮಾಡುತ್ತೆ. ಸುಮ್ನೆ ಯಾಕೆ ಖರ್ಚು ಅಂತ ಬಿಟ್ಟಿದ್ದೆ. ಫ್ಯೂಸ್ ಕೂಡ ಹಾಕಿರಲಿಲ್ಲ, ಅದಕ್ಕೇ ಕಾಯಿಲ್ ಸುಟ್ಟು ತುಂಡಾದ ಮೇಲೂ ಶಾರ್ಟ್ ಆದ ಐಸಿ ಟ್ರಾನ್ಸ್‌ಫಾರ್ಮರನ್ನು ಕಾಯಿಸುತ್ತಲೇ ಇತ್ತು.

ಈಗ ಮತ್ತೆ ಕಟ್ಟಿದ್ದೇನೆ. 9-0-9 ಹಾಕಿದ್ದೇನೆ, ರಾತ್ರಿ 255 ಬಂದರೂ ಡಿಸಿ 15 ದಾಟಲ್ಲ. ಸದ್ದು ಸ್ವಲ್ಪ ಕಮ್ಮಿ, ಹಾಲ್‌ಗೆ ಧಾರಾಳ. ಕರೆಂಟು ಬರುವ ಕಡೆ 500 ಮಿಲಿ ಆಂಪಿಯರ್ ಸ್ಲೋ ಬ್ಲೋ (ಆನ್ ಮಾಡಿದ ಕ್ಷಣದ ಎಳೆತಕ್ಕೆ ಹಾರದ) ಫ್ಯೂಸ್, ಪ್ಲಸ್ ಮೈನಸ್ ಎರಡು ಸಪ್ಲೈಗೂ ಒಂದೊಂದು ಫ್ಯೂಸ್, ಪ್ರೊಟೆಕ್ಷನ್ ಬೋರ್ಡ್. ಆಂಪ್ಲಿಫೈಯರ್ ಪೆಟ್ಟಿಗೆಯಿಂದ ಹೊರಗೆ, ಬೇರೆ ತಗಡಿನ ಡಬ್ಬದಲ್ಲಿ, ತೂತು ಇಟ್ಟು, ಡಬ್ಬಕ್ಕೆ ಅರ್ಥಿಂಗ್ ಕೊಟ್ಟು. 2030 ಐಸಿಯ ಬೆನ್ನಿನ ತಗಡು ಮೈನಸ್ ಸಪ್ಲೈಗೆ ಸೇರಿರುತ್ತೆ, ಹಾಗಾಗಿ ಹೀಟ್‌ಸಿಂಕ್ (ಐಸಿಯ ಶಾಖ ಹೀರುವ ಲೋಹದ ತುಂಡು) ಡಬ್ಬಕ್ಕೆ ತಾಗುವ ಹಾಗಿದ್ದರೆ ಐಸಿಗೂ ಅದಕ್ಕೂ ನಡುವೆ ಕರೆಂಟು ಬಿಡದ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಶ್ ಹಾಕಲೇಬೇಕು. ಮೊದಲ ಸಲ ಆನ್ ಮಾಡಿದ್ದು 60 ವ್ಯಾಟ್ ಹಳೇ ಕಾಲದ ಬಲ್ಬನ್ನು ಸೀರೀಸ್ ಕೊಟ್ಟು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತೆ, ಇಲ್ಲದಿದ್ದರೆ ಒಮ್ಮೆ ಮಿಂಚಿ ಮಂಕಾಗುತ್ತೆ. ಎಲ್‌ಇಡಿ ಬಲ್ಬ್ ಇದಕ್ಕೆ ಆಗಲ್ಲ. ಆಮೇಲೆ ಸ್ಪೀಕರ್ ಕೊಡುವ ಮುಂಚೆ ಔಟ್‌ಪುಟ್‌ನಲ್ಲಿ ಡಿಸಿ ಅಳೆದೆ, ಎರಡೂ ಕಡೆ 50 ಮಿಲಿವೋಲ್ಟ್ ಒಳಗೇ ಇತ್ತು, ಅಂದರೆ ಹೆಚ್ಚುಕಮ್ಮಿ ಸೊನ್ನೆ.

ಈಗಾಗಲೇ ಇಂಥ ಪೆಟ್ಟಿಗೆ ಮನೇಲಿ ಇಟ್ಟುಕೊಂಡವರು ಇವತ್ತೇ ಪ್ಲಗ್ ಕಿತ್ತು, ಐದು ನಿಮಿಷ ಬಿಟ್ಟು ಹಿಂದಿನ ಹಲಗೆ ಬಿಚ್ಚಿ. ಟ್ರಾನ್ಸ್‌ಫಾರ್ಮರ್, ಹೀಟ್‌ಸಿಂಕ್ ಪಕ್ಕ ಹತ್ತಿ, ಬಟ್ಟೆ, ಥರ್ಮಾಕೋಲ್ ಏನಿದ್ದರೂ ಮೊದಲು ತೆಗೆಯಿರಿ. ಫ್ಯೂಸ್ ಇಲ್ಲದಿದ್ದರೆ ಹಾಕುವವರೆಗೆ ಪ್ಲಗ್ ಚುಚ್ಚಬೇಡಿ. ರಾತ್ರಿ ಹನ್ನೊಂದರ ಮೇಲೆ ನಿಮ್ಮನೆ ವೋಲ್ಟೇಜ್ ಒಂದು ಸಲ ಅಳೆಯಿರಿ.