ಕಿವಾ ಕಿಟ್: ಪೋಸ್ಟರಿಗಲ್ಲ, ಮಾತುಕತೆಯ ಕ್ರಮಕ್ಕೆ ಬೆಲೆ

ಶಾಲೆಯಲ್ಲಿ ಮಕ್ಕಳು ಮಕ್ಕಳನ್ನೇ ಗೋಳು ಹೊಯ್ದುಕೊಳ್ಳುವುದನ್ನು ತಡೆಯುತ್ತೇವೆ ಎನ್ನುವ ಕಾರ್ಯಕ್ರಮಗಳಿಗೆ ಕೊರತೆಯಿಲ್ಲ. ಹೆಚ್ಚಿನವು ಅರ್ಧ ದಿನದ ಭಾಷಣ, ಪ್ರಾರ್ಥನೆಯ ಹೊತ್ತಿಗೆ ಒಂದು ಪ್ರತಿಜ್ಞೆ, ಕಾರಿಡಾರಿಗೆ ನಾಲ್ಕು ಪೋಸ್ಟರು, ಇಷ್ಟಕ್ಕೇ ಮುಗಿದುಹೋಗುತ್ತವೆ. ಫಿನ್ಲೆಂಡಿನ ಕಿವಾ ಅಷ್ಟು ಅಗ್ಗದ ಮಾಲಲ್ಲ. ಟುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಸಂಗಡಿಗರು ಅಲ್ಲಿನ ಶಿಕ್ಷಣ ಸಚಿವಾಲಯದ ದುಡ್ಡಿನಲ್ಲಿ 2006ರಿಂದ ಇದನ್ನು ಕಟ್ಟಿದರು. ಮೊದಲು ಪ್ರಯೋಗ ಮಾಡಿ ನೋಡಿ, 2009ರಲ್ಲಿ ಇಡೀ ದೇಶದ ಶಾಲೆಗಳಿಗೆ ತೆರೆದರು. ಈಗ ಇಂಗ್ಲಿಷ್, ಡಚ್, ಇಟಾಲಿಯನ್, ಎಸ್ಟೋನಿಯನ್, ಸ್ಪ್ಯಾನಿಷ್ ಭಾಷೆಗಳಲ್ಲೂ ಸಿಗುತ್ತದೆ. ಕನ್ನಡದಲ್ಲಿ ಇಲ್ಲ.

ಕಾಟ ಕೊಡುವವನನ್ನು ತಿದ್ದಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಕಿವಾ ಒಪ್ಪುವುದಿಲ್ಲ. ಅದರ ಕಣ್ಣು ಸುತ್ತ ನಿಂತವರ ಮೇಲೆ. ಸಾಲ್ಮಿವಾಲಿ 1996ರಲ್ಲೇ ತರಗತಿಯ ಪಾತ್ರಗಳನ್ನು ಬಿಡಿಸಿ ತೋರಿಸಿದ್ದರು: ಕಾಟ ಕೊಡುವವನು, ಅವನ ಜೊತೆ ಕೈಜೋಡಿಸುವವನು, ನಕ್ಕು ಹುರಿದುಂಬಿಸುವವನು, ನೋಡಿಯೂ ನೋಡದಂತೆ ಸರಿಯುವವನು, ಅಡ್ಡ ನಿಲ್ಲುವವನು, ಮತ್ತೆ ಕಾಟ ಅನುಭವಿಸುವವನು. ಒಬ್ಬನನ್ನು ಕಾಡುವುದರಿಂದ ತರಗತಿಯಲ್ಲಿ ತನ್ನ ತೂಕ ಹೆಚ್ಚುತ್ತದೆ ಎಂಬ ಲೆಕ್ಕ ಕಾಡುವವನಿಗಿರುತ್ತದೆ. ನಗುವವರು ನಗು ನಿಲ್ಲಿಸಿದರೆ ಆ ಲೆಕ್ಕ ತಪ್ಪುತ್ತದೆ. ಹಾಗಂತ ಎಂಟು ವರ್ಷದ ಮಗುವಿಗೆ "ಹೋಗಿ ಎದುರು ನಿಲ್ಲು" ಎನ್ನುವುದು ಅಪಾಯ, ಏಟು ಅದಕ್ಕೂ ಬೀಳುತ್ತದೆ. ಕಿವಾ ಕಲಿಸುವುದು ಸಣ್ಣ ಕೆಲಸಗಳನ್ನು. ನಗಬೇಡ, ಆಮೇಲೆ ಅವಳ ಪಕ್ಕ ಹೋಗಿ ಕೂತ್ಕೋ, ಆಟಕ್ಕೆ ಕರಿ, ಮಿಸ್‌ಗೆ ಹೇಳು. ಈ ಕೊನೆಯದಕ್ಕೆ ನಮ್ಮ ಮಕ್ಕಳು ಚಾಡಿ ಎನ್ನುತ್ತಾರೆ, ಎಷ್ಟೋ ಮೇಷ್ಟ್ರುಗಳೂ ಹಾಗೇ ಅನ್ನುತ್ತಾರೆ. ಮಗು ಒಮ್ಮೆ ಆ ಬೈಗುಳ ಕೇಳಿದರೆ ಎರಡನೇ ಸಲ ಬಾಯಿ ಬಿಡುವುದಿಲ್ಲ.

ಪ್ರಾಥಮಿಕ ಹಂತಕ್ಕೆ ಎರಡು ಭಾಗಗಳಿವೆ: 6ರಿಂದ 9 ವರ್ಷದವರಿಗೆ ಒಂದು, 10ರಿಂದ 12ರವರಿಗೆ ಇನ್ನೊಂದು. ಪ್ರತಿ ಭಾಗದಲ್ಲೂ 10 ಪಾಠ, ತಿಂಗಳಿಗೊಂದು, ಒಂದೊಂದೂ 45 ನಿಮಿಷದ ಎರಡು ಪೀರಿಯಡ್. ಚರ್ಚೆ, ಗುಂಪು ಕೆಲಸ, ಅಭಿನಯ ಎಲ್ಲ ಇವೆ. ಪಾಠ ಮುಗಿದಂತೆ ತರಗತಿಯೇ ಒಂದೊಂದು ನಿಯಮ ಬರೆದುಕೊಳ್ಳುತ್ತದೆ, ಕೊನೆಗೆ ಅವೆಲ್ಲ ಸೇರಿ ಮಕ್ಕಳೆಲ್ಲ ಸಹಿ ಮಾಡುವ ಒಪ್ಪಂದವಾಗುತ್ತದೆ. ಇಲ್ಲಿ ಕೆಡುವುದು ಒಂದೇ ರೀತಿ. ಎರಡು ಪೀರಿಯಡನ್ನು ಒಂದಕ್ಕೆ ಇಳಿಸಿ, ಅಭಿನಯ ಬಿಟ್ಟು, ಕೈಪಿಡಿ ಓದಿ ಮುಗಿಸುತ್ತಾರೆ. ಮಗು "ಆಗ ನಾನು ಏನು ಹೇಳ್ತೀನಿ" ಎಂದು ಬಾಯಿಬಿಟ್ಟು ಆಡಿ ನೋಡುವ ಜಾಗವೇ ಅಭಿನಯ, ಅದು ಹೋದರೆ ಉಳಿಯುವುದು ನೀತಿಪಾಠ. ಫಿನ್ಲೆಂಡಿನ ಅಧ್ಯಯನದಲ್ಲೂ, ಶಿಕ್ಷಕರು ತಯಾರಿಗೆ ಸಮಯ ಕೊಟ್ಟು ಪಾಠವನ್ನು ಪೂರ್ತಿ ಮಾಡಿದ ತರಗತಿಗಳಲ್ಲೇ ಕಾಟ ಹೆಚ್ಚು ಇಳಿದಿತ್ತು.

ಕಂಪ್ಯೂಟರ್ ಆಟ, ಪೋಸ್ಟರು, ಬಿಡುವಿನಲ್ಲಿ ಕಾವಲಿಗೆ ನಿಲ್ಲುವವರು ತೊಡುವ ಎದ್ದು ಕಾಣುವ ಜಾಕೆಟ್ಟು ಕಿಟ್ಟಿನ ಅಲಂಕಾರ. ಜಾಕೆಟ್ಟಿನಿಂದ ಒಂದು ಉಪಯೋಗವಿದೆ, ಯಾರ ಹತ್ತಿರ ಓಡಬೇಕು ಎಂದು ಚಿಕ್ಕವರಿಗೆ ದೂರದಿಂದಲೇ ಗೊತ್ತಾಗುತ್ತದೆ. ಆದರೆ ಅದನ್ನು ತೊಟ್ಟವರು ನೆರಳಿನಲ್ಲಿ ಮೊಬೈಲ್ ನೋಡುತ್ತ ನಿಂತರೆ ಶೌಚಾಲಯದ ಹಿಂದೆ ನಡೆಯುವುದು ನಡೆದೇ ತೀರುತ್ತದೆ.

ಕಿವಾಕ್ಕೆ ಕೊಡುವ ಹಣ ವಸೂಲಾಗುವುದು, ಒಂದು ಪ್ರಕರಣ ಗೊತ್ತಾದಾಗ ಏನು ಮಾಡಬೇಕೆಂಬ ಅದರ ಕ್ರಮದಲ್ಲಿ. ಶಾಲೆಯಲ್ಲಿ ಕನಿಷ್ಠ ಮೂವರು ದೊಡ್ಡವರ ತಂಡವಿರುತ್ತದೆ. ಮೊದಲು ಇದು ನಿಜಕ್ಕೂ ಕಾಟವೇ ಎಂದು ಜರಡಿ ಹಿಡಿಯುತ್ತಾರೆ: ಮತ್ತೆ ಮತ್ತೆ ಆಗಿದೆಯೇ, ಬೇಕೆಂದೇ ಮಾಡಿದ್ದೇ, ಅನುಭವಿಸುವ ಮಗುವಿಗೆ ತಡೆದುಕೊಳ್ಳುವ ಶಕ್ತಿಯಿಲ್ಲವೇ. ಬ್ಯಾಟಿಗಾಗಿ ಒಮ್ಮೆ ಕಿತ್ತಾಡಿದ ಇಬ್ಬರು ತಂಡದ ತನಕ ಬರಬೇಕಾಗಿಲ್ಲ, ಕ್ಲಾಸ್ ಟೀಚರ್ ಸಾಕು. ಗುಂಪು ಕಟ್ಟಿಕೊಂಡು ವಾರಗಟ್ಟಲೆ ಒಬ್ಬಳಿಗೇ ಟೂ ಬಿಟ್ಟಿದ್ದರೆ, ಒಂದೇ ಒಂದು ಏಟು ಬೀಳದಿದ್ದರೂ, ಅದು ತಂಡದ ಕೆಲಸ.

ಮೊದಲ ಮಾತು ನೊಂದ ಮಗುವಿನ ಜೊತೆ. ಯಾರು, ಎಲ್ಲಿ, ಯಾವಾಗಿನಿಂದ ಎಂದು ಕೇಳಿ, ಮುಂದೆ ಏನು ಮಾಡುತ್ತೇವೆ ಎಂಬುದನ್ನೂ ಹೇಳುತ್ತಾರೆ. ಆಮೇಲೆ ಕಾಟ ಕೊಟ್ಟವರನ್ನು ಒಬ್ಬೊಬ್ಬರನ್ನಾಗಿ, ಒಬ್ಬರ ಹಿಂದೆ ಒಬ್ಬರಂತೆ ಕರೆಯುತ್ತಾರೆ. ನಡುವೆ ಬಿಡುವು ಸಿಕ್ಕರೆ ಎಲ್ಲರೂ ಒಂದೇ ಕಥೆ ಹೊಂದಿಸಿಕೊಳ್ಳುತ್ತಾರೆ, ಅದಕ್ಕೇ ಈ ಅವಸರ. ಮಾತು ಚಿಕ್ಕದು. "ಯಾಕೆ ಮಾಡಿದೆ" ಎಂಬ ವಿಚಾರಣೆಗೆ ಇಳಿದರೆ ಮಗು ಕಾರಣ ಹುಡುಕತೊಡಗುತ್ತದೆ, "ಅವನೇ ಮೊದಲು ಶುರು ಮಾಡಿದ್ದು ಮಿಸ್" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕೇಳಬೇಕಾದ ಪ್ರಶ್ನೆ, ಇನ್ನು ಮುಂದೆ ಏನು ಮಾಡುತ್ತೀಯ. "ಇನ್ಮೇಲೆ ಚೆನ್ನಾಗಿರ್ತೀನಿ" ಎಂಬ ಉತ್ತರ ನಡೆಯುವುದಿಲ್ಲ. "ಬಸ್ಸಲ್ಲಿ ಅವನ ಬ್ಯಾಗ್ ಮುಟ್ಟಲ್ಲ, ಆ ಅಡ್ಡಹೆಸರು ಹಿಡಿದು ಕರೆಯಲ್ಲ" ಎಂಬಂಥ, ಆಮೇಲೆ ತಾಳೆ ನೋಡಬಹುದಾದ ಮಾತು ಬೇಕು. ಅದನ್ನು ಬರೆದಿಟ್ಟುಕೊಳ್ಳುತ್ತಾರೆ. ನಂತರ ಅವರನ್ನೆಲ್ಲ ಒಟ್ಟಿಗೆ ಕೂರಿಸಿ ಒಪ್ಪಿದ್ದನ್ನು ಇನ್ನೊಮ್ಮೆ ಹೇಳಿಸುತ್ತಾರೆ. ಇತ್ತ ಕ್ಲಾಸ್ ಟೀಚರ್, ತರಗತಿಯಲ್ಲಿ ಮಾತು ನಡೆಯುವ ಎರಡರಿಂದ ನಾಲ್ಕು ಒಳ್ಳೆಯ ಮಕ್ಕಳನ್ನು ಬೇರೆಯಾಗಿ ಕರೆದು, ನೊಂದ ಮಗುವಿಗೆ ಜೊತೆಯಾಗಿರಲು ಕೇಳುತ್ತಾರೆ.

ಒಂದೆರಡು ವಾರ ಬಿಟ್ಟು ಮರುಭೇಟಿ. ಅಲ್ಲೂ ಮೊದಲು ನೊಂದ ಮಗುವನ್ನೇ ಕೇಳಬೇಕು. ಉಳಿದವರನ್ನು ಮೊದಲು ಕೇಳಿದರೆ "ಎಲ್ಲ ಸರಿಹೋಗಿದೆ ಮಿಸ್" ಎಂಬ ಉತ್ತರ ತಯಾರಿರುತ್ತದೆ, ಕಡತ ಅಲ್ಲೇ ಮುಚ್ಚುತ್ತದೆ. ಇಡೀ ಕ್ರಮದಲ್ಲಿ ಶಾಲೆಗಳು ಹಾರಿಸಿಬಿಡುವ ಹೆಜ್ಜೆಯೂ ಇದೇ.

ನಮ್ಮ ಸ್ಟಾಫ್ ರೂಮಿನ ರೂಢಿ ಇದಕ್ಕೆ ತದ್ವಿರುದ್ಧ: ಇಬ್ಬರನ್ನೂ ಎದುರುಬದುರು ನಿಲ್ಲಿಸು, "ಸಾರಿ ಹೇಳು, ಕೈ ಕೊಡು". ಅಂಗಳದಲ್ಲಿ ಇದ್ದ ಭಯ ಆ ಕೋಣೆಯೊಳಗೂ ಮಗುವಿನ ಜೊತೆ ಬಂದಿರುತ್ತದೆ, ಅದು "ಏನೂ ಆಗಿಲ್ಲ" ಅಂದುಬಿಡುತ್ತದೆ. ಎಲ್ಲರೆದುರು ಬೈದರೆ ಕಾಡುವವನಿಗೆ ಬೇಕಾಗಿದ್ದ ಪ್ರೇಕ್ಷಕರನ್ನು ನಾವೇ ಒದಗಿಸಿದಂತೆ.

ಕಾಟ ಕೊಟ್ಟವರ ಜೊತೆ ಮಾತಾಡಲು ಎರಡು ದಾರಿಗಳಿವೆ. "ನೀನು ಮಾಡುತ್ತಿರುವುದು ಗೊತ್ತಾಗಿದೆ, ಇವತ್ತೇ ನಿಲ್ಲಬೇಕು" ಎಂಬ ನೇರ ದಾರಿ ಒಂದು. "ಆ ಹುಡುಗ ಬೇಜಾರಲ್ಲಿದ್ದಾನೆ, ನೀನೇನು ಮಾಡಬಲ್ಲೆ" ಎಂದು ಸುತ್ತಿಬರುವುದು ಇನ್ನೊಂದು. ಫಿನ್ಲೆಂಡಿನಲ್ಲಿ ಮುನ್ನೂರಕ್ಕೂ ಹೆಚ್ಚು ಪ್ರಕರಣಗಳನ್ನು ಹೋಲಿಸಿದಾಗ, ಸುಮಾರು ಶೇ 78ರಲ್ಲಿ ಕಾಟ ನಿಂತಿತೆಂದು ನೊಂದ ಮಕ್ಕಳೇ ಹೇಳಿದ್ದರು. 1ರಿಂದ 6ನೇ ತರಗತಿಯಲ್ಲಿ ಎರಡು ದಾರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ದೊಡ್ಡ ತರಗತಿಗಳಲ್ಲಿ ನೇರ ದಾರಿ ಮೇಲಾಯಿತು. ಪ್ರಾಥಮಿಕ ಶಾಲೆಯವರು ಯಾವ ದಾರಿ ಎಂದು ತಲೆ ಕೆಡಿಸಿಕೊಳ್ಳದೆ, ಒಂದನ್ನು ಹಿಡಿದು ಮರುಭೇಟಿಯವರೆಗೆ ಹೋದರೆ ಸಾಕು.

ಒಟ್ಟು ಫಲ? ಪವಾಡವೇನಿಲ್ಲ. ದೇಶಕ್ಕೆಲ್ಲ ಹಬ್ಬಿದ ಮೊದಲ ವರ್ಷ 888 ಶಾಲೆಗಳ ಸುಮಾರು ಒಂದೂವರೆ ಲಕ್ಷ ಮಕ್ಕಳ ಲೆಕ್ಕ ನೋಡಿದಾಗ ಇಳಿಕೆ ಶೇ 15ರ ಆಸುಪಾಸು. ಬ್ರಿಟನ್ನಿನ ನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಶೇ 13. ಕಡಿಮೆ ಅನ್ನಿಸಬಹುದು. ಆದರೆ ಹೀಗೆ ಹೋಲಿಕೆಯ ಗುಂಪುಗಳನ್ನಿಟ್ಟು ಅಳೆಸಿಕೊಂಡ ಕಾರ್ಯಕ್ರಮಗಳೇ ವಿರಳ. ಇನ್ನೊಂದು ಕೊರತೆ ಹೆಚ್ಚು ಕಳವಳದ್ದು: ಕಾಟ ಇಳಿದ ತರಗತಿಯಲ್ಲೂ ಅದರಿಂದ ಪಾರಾಗದೆ ಉಳಿದ ಮಗು ಮೊದಲಿಗಿಂತ ಕುಗ್ಗುತ್ತದೆ ಎಂದು ಸಂಶೋಧಕರೇ ತೋರಿಸಿದ್ದಾರೆ. ಜೊತೆಗೆ ನೋವು ಹಂಚಿಕೊಳ್ಳುವವರು ಇಲ್ಲವಾದಾಗ ತಪ್ಪು ತನ್ನದೇ ಎಂದು ಅದು ಭಾವಿಸುತ್ತದೆ. "ನಮ್ಮದು ಕಿವಾ ಶಾಲೆ, ಇಲ್ಲಿ ಅಂಥದ್ದೆಲ್ಲ ಇಲ್ಲ" ಎನ್ನುವ ಮುಖ್ಯೋಪಾಧ್ಯಾಯರು ಗಮನಿಸಬೇಕಾದ್ದು ಇದನ್ನು.

ಕರ್ನಾಟಕದ ಶಾಲೆ ಇದನ್ನು ಕೊಳ್ಳಬೇಕೇ? ಲೈಸೆನ್ಸ್, ತರಬೇತಿ ಎರಡಕ್ಕೂ ಹಣ ಕೊಡಬೇಕು, ಪಾಠದ ಉದಾಹರಣೆಗಳು ಅಲ್ಲಿನವು. ಬಿಸಿಯೂಟದ ಪಂಕ್ತಿ, ಜಾತಿ, ಮೈಬಣ್ಣ, ಮನೆಮಾತು ಹಿಡಿದು ಆಡಿಸುವುದಕ್ಕೆ ಅದರಲ್ಲಿ ಉತ್ತರವಿಲ್ಲ. ಜಾತಿ ಹಿಡಿದ ಅವಮಾನವನ್ನಂತೂ ಮಕ್ಕಳಾಟ ಎಂದು ಕಿಟ್ಟಿನೊಳಗೆ ತುರುಕಲೇಬಾರದು. ಸಾಮಗ್ರಿಯನ್ನು ಜೆರಾಕ್ಸ್ ಮಾಡಿ ಹಂಚುವುದೂ ತಪ್ಪು. ಮಾತುಕತೆಯ ಕ್ರಮವನ್ನು ಅನುಸರಿಸಲು ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ, ಅದರ ಅಗತ್ಯವೂ ಇಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. 16ನೆಯದರ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಬೆತ್ತವೂ ಇಲ್ಲ, ಟಿ.ಸಿ.ಯ ಬೆದರಿಕೆಯೂ ಇಲ್ಲ ಎಂದಾದಾಗ ಉಳಿಯುವ ಉಪಾಯವೇ ಕ್ರಮಬದ್ಧ ಮಾತು. 2015ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ಕಾಟ ತಡೆಯುವ ಸಮಿತಿ ಮಾಡಲು ಸುತ್ತೋಲೆ ಕಳಿಸಿತ್ತು. ಸಮಿತಿಯ ಹೆಸರು ಬೋರ್ಡಿನ ಮೇಲಿರುವಲ್ಲಿ ಅದಕ್ಕೆ ಕೆಲಸ ಕೊಡಲು ಈ ಹೆಜ್ಜೆಗಳು ಧಾರಾಳ ಸಾಕು.

ಕಿವಾದ ವಾರ್ಷಿಕ ಸಮೀಕ್ಷೆಯನ್ನೂ ಕಾಗದದಲ್ಲೇ ಮಾಡಿಕೊಳ್ಳಬಹುದು. ಕಾಟ ಎಂದರೇನು ಎಂದು ಮೊದಲು ವಿವರಿಸಿ, ಕಳೆದ ಎರಡು ತಿಂಗಳಲ್ಲಿ ಎಷ್ಟು ಸಲ ಆಯಿತು, ಎಲ್ಲಿ ಆಯಿತು ಎಂದು ಕೇಳಿ. ತಿಂಗಳಿಗೆ ಎರಡು-ಮೂರು ಸಲ ಅಥವಾ ಹೆಚ್ಚು ಎಂದವರನ್ನು ಎಣಿಕೆಗೆ ಹಿಡಿಯಿರಿ. ಅಕ್ಷರ ಗುರುತು ಸಿಗದಂತೆ ಬರೀ ಟಿಕ್ ಹಾಕಿಸಿ, ಚಿಕ್ಕವರಿಗೆ ಪ್ರಶ್ನೆ ಓದಿ ಹೇಳಿ, ಚೀಟಿಗಳನ್ನು ಕ್ಲಾಸ್ ಟೀಚರ್ ಬಿಟ್ಟು ಬೇರೆಯವರು ಒಟ್ಟುಮಾಡಲಿ.

ಫಿನ್ಲೆಂಡಿನಲ್ಲೇ ಇರುವ ಕನ್ನಡದ ತಂದೆತಾಯಿಗಳಿಗೆ: ಬಾಗಿಲಿನ ಪೋಸ್ಟರ್ ನೋಡಿ ನಿಶ್ಚಿಂತರಾಗಬೇಡಿ. ತಂಡದಲ್ಲಿ ಯಾರಿದ್ದಾರೆ, ಈ ತಿಂಗಳ ಪಾಠ ಆಯಿತೇ ಎಂದು ವಿಚಾರಿಸಿ. ದೂರಿದ್ದರೆ ವಿಲ್ಮಾದಲ್ಲಿ (ಅಲ್ಲಿನ ಶಾಲೆ ಮತ್ತು ಮನೆ ನಡುವಿನ ಆನ್‌ಲೈನ್ ಸಂದೇಶ ವ್ಯವಸ್ಥೆ) ಕ್ಲಾಸ್ ಟೀಚರಿಗೆ ಬರೆಯಿರಿ: ದಿನಾಂಕ, ಜಾಗ, ಯಾರಿದ್ದರು, ಏನಂದರು. ಇನ್ನೊಂದು ಮಗುವಿನ ಮನೆಗೆ ನೀವೇ ಫೋನ್ ಮಾಡಬೇಡಿ, ಹಾಗೆ ಮಾಡಿದರೆ ತಂಡ ಕರೆಯುವ ಮೊದಲೇ ಆ ಮಗುವಿಗೆ ಮನೆಯಲ್ಲಿ ಉತ್ತರ ಕಲಿಸಿಯಾಗಿರುತ್ತದೆ. ಸಂದೇಶದ ಕೊನೆಯ ಸಾಲಿನಲ್ಲಿ ಮರುಭೇಟಿಯ ದಿನಾಂಕ ಕೇಳಿ.